ಕಸ್ತೂರಿಯ ಬಾಜೂ ಕುರ್ಚಿ

ನಿವೃತ್ತಿಯ ದಿನ ನನಗೆ ಶಾಲು ಹೊದಿಸಿ, "ಸುಶೀಲಕ್ಕ ಅಂದ್ರ ತಾಳ್ಮಿ" ಎಂದು ಒಬ್ಬರಾದ ಮೇಲೊಬ್ಬರು ಭಾಷಣ ಮಾಡಿದರು. ನಾನು ತಲೆ ತಗ್ಗಿಸಿ ಕೂತಿದ್ದೆ. ನಾಚಿಕೆಯಿಂದಲ್ಲ, ನಗು ತಡೆಯಲು. ತಾಳ್ಮೆ ನನ್ನ ಹತ್ತಿರ ಯಾವತ್ತೂ ಇರಲಿಲ್ಲ. ಇದ್ದದ್ದು ಜೋರು ದನಿ, ಗಟ್ಟಿ ಕಾಲು, ಕೊನೆಯ ಕೆಲವು ವರ್ಷ ವೀಣಾ ಎಂಬ ಸಹೋದ್ಯೋಗಿಯ ಮೇಲೆ ಹೊಟ್ಟೆಕಿಚ್ಚು. ಈಗ ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗಿಯರು ಮನೆಗೆ ಬಂದು, "ಅಕ್ಕಾರ, ನಿಮ್ಮ ಅನುಭವ ಒಂದೀಟ ಬರದ ಕೊಡ್ರಿ, ನಮಗ ದಾರಿ ಆಕ್ಕೈತಿ" ಎಂದು ಬೆನ್ನು ಹತ್ತಿದ್ದಾರೆ. ಬರೆಯುತ್ತೇನೆ. ಆದರೆ ಹೊಟ್ಟೆಕಿಚ್ಚು ಬಿಟ್ಟು ಬರೆಯಿರಿ ಅಂದರೆ ಆಗುವುದಿಲ್ಲ. ಅದನ್ನು ಬಿಟ್ಟರೆ ಬರೆಯಲು ಹೆಚ್ಚೇನೂ ಉಳಿಯುವುದಿಲ್ಲ.

ನಮ್ಮದು ಸಣ್ಣ ಸಂಸ್ಥೆ. ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆಯ ಹಳ್ಳಿಗಳಲ್ಲಿ ಬುದ್ಧಿಯ ಬೆಳವಣಿಗೆ ನಿಧಾನವಾದವರು, ಓದು-ಲೆಕ್ಕ ಕೈಗೆ ಹತ್ತದವರು, ಹೇಳಿದ್ದು ತಡವಾಗಿ ತಿಳಿಯುವವರು, ಇಂಥವರ ಬಾಜೂ ನಿಲ್ಲುವುದು ನಮ್ಮ ಕೆಲಸ. ಸಾಲಿಯಲ್ಲಿ, ಬ್ಯಾಂಕಿನಲ್ಲಿ, ದವಾಖಾನೆಯಲ್ಲಿ, ಅವರದೇ ಮನೆಯ ಪಡಸಾಲೆಯಲ್ಲಿ ಅವರ ಮಾತು ನಡೆಯುವಂತೆ ನೋಡಿಕೊಳ್ಳುವುದು. ಕೇಳಲು ಸುಲಭ. ಮಾಡಲು ಹೋದರೆ ಮೊದಲು ಗೊತ್ತಾಗುವುದು, ಅವರ ಮಾತು ಯಾವುದು, ನಮ್ಮ ಮಾತು ಯಾವುದು ಎನ್ನುವುದೇ ಸಿಕ್ಕುಸಿಕ್ಕು ಎಂದು.

ನಾನು ಸೇರಿದ ಕಾಲದಲ್ಲಿ ಆ ಸಿಕ್ಕಿನ ಚಿಂತೆ ಯಾರಿಗೂ ಇರಲಿಲ್ಲ. ನಮಗೆ ಕಲಿಸಿದ್ದು ಒಂದೇ ಮಾತು: ಅವರಿಗೆ ಬಾಯಿಲ್ಲ, ನೀವೇ ಅವರ ಬಾಯಿ. ನನಗಂತೂ ಬಾಯಿ ಬೇಕಾದಷ್ಟಿತ್ತು. ಮೂಡಲಗಿಯ ಒಂದು ಬ್ಯಾಂಕಿನಲ್ಲಿ ಒಬ್ಬ ಹುಡುಗಿಗೆ ಖಾತೆ ತೆಗೆಯುವುದಿಲ್ಲ ಎಂದಾಗ ನಾನು ಮೇಜಿನ ಮುಂದೆ ನಿಂತು ಮಾಡಿದ ಗದ್ದಲಕ್ಕೆ ಹೊರಗಿನ ಕಟ್ಟೆಯಲ್ಲಿ ಕೂತ ಮುದುಕರೆಲ್ಲ ಒಳಗೆ ಬಂದು ನೋಡಿದ್ದರು. ಖಾತೆ ಆಯಿತು. ನಮ್ಮ ಸಂಯೋಜಕರಾದ ಕುಲಕರ್ಣಿ ಸರ್, "ಸುಶೀಲಾಬಾಯಿ ಹ್ವಾದ್ರ ಕೆಲಸ ಆತಂತ ತಿಳೀರಿ" ಎನ್ನುತ್ತಿದ್ದರು. ಆ ಮಾತಿನ ಮೇಲೆ ನಾನು ಬಹಳ ವರ್ಷ ಬದುಕಿದೆ.

ಆಮೇಲೆ ವೀಣಾ ಬಂದಳು. ಧಾರವಾಡದಲ್ಲಿ ಓದಿದವಳು, ತೆಳ್ಳಗೆ, ಇಸ್ತ್ರಿ ಮಾಡಿದ ಚೂಡಿದಾರ, ಮಾತು ಕಡಿಮೆ. ಮೂಡಲಗಿಯಲ್ಲಿ ಒಂದು ಖೋಲಿ ಬಾಡಿಗೆ ಹಿಡಿದಳು. ಬಂದ ಹೊಸದರಲ್ಲೇ ತುಕ್ಕಾನಟ್ಟಿಯ ಲಗಮಪ್ಪನ ಪ್ರಕರಣದಲ್ಲಿ ನನ್ನ ಕಣ್ಣೆದುರಿಗೇ ಗೆದ್ದಳು.

ಲಗಮಪ್ಪ ನಲವತ್ತು ದಾಟಿದ ಆಳು, ಮನಸ್ಸು ಹುಡುಗನದು. ಅವನಿಗೆ ಏನಾದರೂ ಉದ್ಯೋಗ ಹಚ್ಚಿಕೊಡಬೇಕೆಂದು ಕುಲಕರ್ಣಿ ಸರ್ ಮತ್ತು ನಾನು ಹೋಗಿದ್ದೆವು. "ಕುರಿ ಬೇಕೋ, ಹೊಲಿಗಿ ಮಶಿನ್ ಬೇಕೋ?" ಎಂದು ಸರ್ ಕೇಳಿದರು. "ಮಶಿನ್" ಎಂದ. ಕೊಟ್ಟೆವು. ಮುಂದಿನ ಸಲ ಹೋದಾಗ ಆ ಮಶಿನ್ನಿನ ಮೇಲೆ ಕೋಳಿ ಕೂತಿತ್ತು. ನಾವು ಅವನನ್ನೇ ಬೈದು ಬಂದೆವು. ಆಮೇಲಿನ ಸಲ ನಮ್ಮಿಬ್ಬರ ಜೊತೆ ಬಂದ ವೀಣಾ ಅವನ ಬಾಜೂ ಕೂತು, "ಚಾ ಬೇಕೋ, ಹಾಲೋ?" ಎಂದಳು. "ಹಾಲು." ಸ್ವಲ್ಪ ಹೊತ್ತು ಬಿಟ್ಟು, "ಹಾಲು ಬೇಕೋ, ಚಾ?" ಎಂದಳು. "ಚಾ." ಅವಳು ನನ್ನ ಕಡೆ ತಿರುಗಿ ಮೆಲ್ಲಗೆ, "ಕಡಿಗೆ ಹೇಳಿದ್ದನ್ನ ಹೇಳ್ತಾನ್ರಿ ಅಕ್ಕಾರ. ನಮ್ಮನ್ನ ಖುಷಿ ಮಾಡಾಕ" ಎಂದಳು. ಅವನಿಗೆ ಕುರಿ ಬೇಕಾಗಿತ್ತು. ಅದೂ ಅವನು ಹೇಳಿದ್ದಲ್ಲ. ಅವಳು ಅವನ ಹಿಂದೆ ಊರೆಲ್ಲ ಅಡ್ಡಾಡಿ, ಅವನು ಎಲ್ಲಿ ನಿಲ್ಲುತ್ತಾನೆ ಎಂದು ನೋಡಿ ತಿಳಿದುಕೊಂಡಿದ್ದು.

ಹೊಸಬರೇ, ಈ ಪಾಠ ಚೆನ್ನಾಗಿದೆ, ಇದನ್ನು ಕಲಿಯಿರಿ. ಆಯ್ಕೆ ಕೇಳುವಾಗ ಹಿಂದೆಮುಂದೆ ಮಾಡಿ ಕೇಳಿರಿ. ಬಾಯಿ ಹೇಳಿದ್ದನ್ನು ಕಾಲು ಒಪ್ಪುತ್ತದೋ ಇಲ್ಲವೋ ನೋಡಿರಿ. ನಾನೂ ಕಲಿತೆ. ಆದರೆ ಅವತ್ತು ಬಸ್ಸಿನಲ್ಲಿ ಬರುವಾಗ ಕುಲಕರ್ಣಿ ಸರ್ ಅವಳ ಜೊತೆ ಮುಂದಿನ ಸೀಟಿನಲ್ಲಿ ಕೂತು ಅರಭಾವಿ ಬರುವತನಕ ಮಾತಾಡಿದರು. ನಾನು ಹಿಂದೆ ಕೂತು ಕಿಡಕಿಯ ಹೊರಗೆ ನೋಡುತ್ತಿದ್ದೆ. ಮೈಯೆಲ್ಲ ಉರಿಯುತ್ತಿತ್ತು.

ಅಷ್ಟಾದರೂ ತಡೆದುಕೊಳ್ಳುತ್ತಿದ್ದೆ. ಕಸ್ತೂರಿಯ ವಿಷಯಕ್ಕೆ ಬಂದಾಗ ತಡೆಯಲಾಗಲಿಲ್ಲ.

ಕಸ್ತೂರಿ ಕಲ್ಲೋಳಿಯವಳು. ಮೂವತ್ತರ ಆಸುಪಾಸು, ದುಂಡು ಮುಖ, ಎಣ್ಣೆ ಹಚ್ಚಿ ಬಿಗಿದ ಜಡೆ. ತಾಯಿ, ಅಣ್ಣ ಈರಣ್ಣ, ಅತ್ತಿಗೆ ಶೋಭಾ ಜೊತೆಗಿದ್ದಳು. ಅಕ್ಕ ಮಹಾದೇವಿಯನ್ನು ಹುಕ್ಕೇರಿಗೆ ಕೊಟ್ಟಿದ್ದರು. ಕಸ್ತೂರಿಯನ್ನು ನಾನು ಅವಳು ಲಂಗ ಉಡುತ್ತಿದ್ದಾಗಿನಿಂದ ಬಲ್ಲೆ. ಅಕ್ಷರ ಹತ್ತಲಿಲ್ಲ. ಅರಭಾವಿ ಹತ್ತಿರದ ಒಂದು ನರ್ಸರಿಯಲ್ಲಿ ಕೆಲಸ ಕೊಡಿಸಿದವಳು ನಾನು. ಪ್ಲಾಸ್ಟಿಕ್ ಚೀಲಗಳಿಗೆ ಮಣ್ಣು ತುಂಬಿ, ಬೆರಳಿನಿಂದ ಕುಣಿ ಮಾಡಿ, ಸಸಿ ಇಡುವುದು. ಒಬ್ಬಳೇ ಬಸ್ಸಿನಲ್ಲಿ ಹೋಗಿ ಬರುವುದನ್ನು ಕಲಿಸಿದವಳೂ ನಾನು. ಮೊದಲು ಅವಳ ಬಾಜೂ ಕೂತೆ, ಆಮೇಲೆ ಹಿಂದಿನ ಸೀಟಿಗೆ ಸರಿದೆ, ಆಮೇಲೆ ಕಂಡಕ್ಟರನಿಗೆ ಹೇಳಿ ಕೆಳಗೆ ನಿಂತೆ. ಬಸ್ಸು ಹೋದ ಮೇಲೆ ಕಣ್ಣೀರು ಬಂದಿತ್ತು. ಮಕ್ಕಳಿಲ್ಲದವಳ ಕಣ್ಣೀರು ಎಂದು ಯಾರಾದರೂ ಅಂದರೆ ಅನ್ನಲಿ.

ಆ ಕಸ್ತೂರಿ ಒಂದು ದಿನ ನನ್ನನ್ನು ನೋಡಿ, "ವೀಣಕ್ಕ ಬಂದಿಲ್ಲ?" ಎಂದಳು.

ಎರಡು-ಮೂರು ಸಲ ನನ್ನ ಜೊತೆ ವೀಣಾ ಬಂದಿದ್ದಳು, ಅಷ್ಟೇ. ನರ್ಸರಿಯಲ್ಲಿ ಕಸ್ತೂರಿಯ ಪಕ್ಕ ಕುಕ್ಕರಗಾಲಿನಲ್ಲಿ ಕೂತು ತಾನೂ ಮಣ್ಣು ತುಂಬುತ್ತಿದ್ದಳು. ಏನೂ ಕೇಳುತ್ತಿರಲಿಲ್ಲ. "ಪಗಾರ ತಗೊಂಡು ಸುಮ್ಮ ಕುಂಡ್ರೂದು ಬಾಳ ಚಲೋ ಕೆಲಸ ಬಿಡು" ಎಂದು ನಾನು ಕುಟುಕಿದ್ದೂ ಉಂಟು. ನಕ್ಕು ಸುಮ್ಮನಾಗಿದ್ದಳು. ಅವಳು ಜಗಳಕ್ಕೂ ಬರುತ್ತಿರಲಿಲ್ಲ, ಅದೇ ದೊಡ್ಡ ಸಿಟ್ಟು ನನಗೆ. ನಾನು ಗೋಕಾಕದಿಂದ ಕರದಂಟು ಒಯ್ದು ಕಸ್ತೂರಿಯ ಕೈಗೆ ಕೊಟ್ಟೆ. ಅವಳು ಅರ್ಧ ತಿಂದು, ಇನ್ನರ್ಧ ಕಾಗದದಲ್ಲಿ ಸುತ್ತಿ, "ಇದು ವೀಣಕ್ಕಗ" ಎಂದಳು. ಮನೆಗೆ ಬಂದು ನಾನು ಊಟ ಮಾಡಲಿಲ್ಲ.

ಹೀಗಿರುವಾಗ ಕಸ್ತೂರಿಯ ತಾಯಿ ತೀರಿಕೊಂಡರು. ಅವಳು ಇನ್ನು ಎಲ್ಲಿರಬೇಕು, ಜವಾಬ್ದಾರಿ ಯಾರದು ಎನ್ನುವ ಪ್ರಶ್ನೆ ಎದ್ದಿತು. ಅಣ್ಣ ಈರಣ್ಣ ಇಟ್ಟುಕೊಳ್ಳಲು ತಯಾರಿದ್ದ. ಅಕ್ಕ ಮಹಾದೇವಿ, ತಾನು ಹುಕ್ಕೇರಿಗೆ ಕರೆದೊಯ್ಯುತ್ತೇನೆ ಎಂದು ಹಟ ಹಿಡಿದಳು. ಕೆಟ್ಟವಳಲ್ಲ ಮಹಾದೇವಿ. ತಂಗಿ ಮಣ್ಣಿನಲ್ಲಿ ಕೈ ಹಾಕುವುದು ಅವಳಿಗೆ ಸಹಿಸುತ್ತಿರಲಿಲ್ಲ. "ನನ್ನ ತಂಗಿ ಮಂದಿ ಕಡೆ ದುಡ್ಯೂದು ಬ್ಯಾಡ್ರಿ. ನನ್ನ ಮನ್ಯಾಗ ಕುಂತ ಉಣ್ಲಿ" ಎನ್ನುತ್ತಿದ್ದಳು. ಅವಳ ಮನೆಯಲ್ಲಿ ಕಸ್ತೂರಿಗೆ ಊಟಕ್ಕೆ, ಬಟ್ಟೆಗೆ, ಪ್ರೀತಿಗೆ ಕೊರತೆ ಇರುತ್ತಿರಲಿಲ್ಲ. ನರ್ಸರಿ ಇರುತ್ತಿರಲಿಲ್ಲ, ಬಸ್ಸು ಇರುತ್ತಿರಲಿಲ್ಲ, ಬಾಗಿಲು ದಾಟುವ ಕಾರಣ ಇರುತ್ತಿರಲಿಲ್ಲ. ಗೋಕಾಕದಲ್ಲಿ ಅಧಿಕಾರಿಯ ಮುಂದೆ ತೀರ್ಮಾನ ಆಗಬೇಕಿತ್ತು. ಅದಕ್ಕೂ ಮೊದಲು ಕಸ್ತೂರಿಯ ಇಚ್ಛೆ ಏನೆಂದು ಕೇಳಿ ತಿಳಿಸುವುದು ನಮ್ಮ ಕೆಲಸ.

ಕುಲಕರ್ಣಿ ಸರ್, ವೀಣಾ, ನಾನು ಕಲ್ಲೋಳಿಗೆ ಹೋದೆವು. ಮಹಾದೇವಿಯೂ ಬಂದಿದ್ದಳು. ಕಸ್ತೂರಿ ಹೊಸ ಇಳಕಲ್ ಸೀರೆ ಉಟ್ಟು, ಕುಂಕುಮ ಇಟ್ಟು, ಸೆರಗಿನ ಗಂಟು ಮಡಿಲಲ್ಲಿಟ್ಟುಕೊಂಡು ಚಾಪೆಯ ಮೇಲೆ ಕೂತಿದ್ದಳು. ವೀಣಾ ಬಾಜೂ ಕೂತಳು. ನಾನು ಕೂಡುವ ಮೊದಲೇ ಕೂತಳು. ಎರಡೂ ಮನೆಯ ಚಿತ್ರ ತಂದಿದ್ದಳು. ಹಿಂದೆ ಕೇಳಿದಳು, ಮುಂದೆ ಕೇಳಿದಳು, ಚಿತ್ರ ಅದಲುಬದಲು ಮಾಡಿ ಕೇಳಿದಳು, ಅಕ್ಕನನ್ನು ಹೊರಗೆ ಕಳಿಸಿ ಕೇಳಿದಳು.

"ಹುಕ್ಕೇರಿಗೆ ಹೋಗ್ತೀನಿ" ಎಂದಳು ಕಸ್ತೂರಿ. ಪ್ರತಿ ಸಲವೂ ಅದೇ.

ವೀಣಾಳ ಮುಖ ಸಣ್ಣಗಾಯಿತು. ಅವಳಿಗೂ ಅದು ಇಷ್ಟವಿರಲಿಲ್ಲ, ನಾನು ಕಂಡೆ. ಆದರೂ ಹೊರಗೆ ಬಂದು, "ಅಕಿ ಸ್ಪಷ್ಟ ಹೇಳ್ಯಾಳ್ರಿ ಸರ್. ನಮಗ ಚಲೋ ಅನಸಲಿ ಬಿಡಲಿ, ಅಕಿ ಮಾತು ಅಕೀದು. ಅದನ್ನ ಬರೀಬೇಕು" ಎಂದಳು.

"ಅಕಿ ಹೋಗಾಕ ಒಲ್ಲಳು" ಎಂದೆ ನಾನು.

"ಹೆಂಗ ಹೇಳ್ತೀರಿ ಅಕ್ಕಾರ?"

"ನನಗ ಗೊತ್ತೈತಿ. ನಿನ್ನಿ ಮೊನ್ನಿ ಬಂದಾಕಿ ನೀ, ನಿನಗೇನ ಗೊತ್ತು?"

ಕುಲಕರ್ಣಿ ಸರ್ ನನ್ನನ್ನು ಬದಿಗೆ ಕರೆದರು. "ಸುಶೀಲಾಬಾಯಿ, ಒಂದ ಮಾತ ಹೇಳ್ತೀನಿ, ಸಿಟ್ಟಾಗಬ್ಯಾಡ್ರಿ. ನಿಮಗ ವೀಣಾನ ಕಂಡ್ರ ಆಗೂದಿಲ್ಲ. ಅದು ಆಫೀಸಿಗೆಲ್ಲಾ ಗೊತ್ತೈತಿ. ಅಕಿ ಎಡ ಅಂದ್ರ ನೀವು ಬಲ ಅಂತೀರಿ. ಈ ಹೊಟ್ಟಿಕಿಚ್ಚಿನ್ಯಾಗ ಆ ಹುಡುಗಿ ಬಾಳೇ ಹಾಳ ಮಾಡಬ್ಯಾಡ್ರಿ."

ಅವರು ಹೇಳಿದ್ದು ಸುಳ್ಳಾಗಿರಲಿಲ್ಲ. ಆದರೆ ಹೊಟ್ಟೆಕಿಚ್ಚಿನವಳ ಮಾತು ಖರೆ ಆಗಿರಬಾರದು ಎಂದು ಎಲ್ಲಿದೆ?

ಸುಮ್ಮನಿರಲಾಗದೆ ಎರಡು ದಿನ ಬಿಟ್ಟು ಒಬ್ಬಳೇ ಕಲ್ಲೋಳಿಗೆ ಹೋದೆ. ಕಸ್ತೂರಿ ಕೆಲಸಕ್ಕೆ ಹೋಗಿದ್ದಳು. ಶೋಭಾ ರೊಟ್ಟಿ ಬಡಿಯುತ್ತಿದ್ದಳು. ಅವತ್ತು ನಾವು ಹೋದ ಮೇಲೆ ಏನಾಯಿತು ಎಂದು ಕೇಳಿದೆ.

"ಏನಿಲ್ರಿ. ನೀವು ಹೋದಮ್ಯಾಲ ಕಸ್ತೂರಿ ತನ್ನ ಅರಬಿ ಎಲ್ಲಾ ಚೀಲದಾಗ ತುಂಬಕೊಂಡು ಕಟ್ಟಿ ಮ್ಯಾಲ ಕುಂತ್ಲು. ಮಹಾದೇವಕ್ಕ ಒಬ್ಬಾಕಿನ ಬಸ್ ಹತ್ತಿದ್ಲು. ಇಕಿ ಸಂಜೀತನಾ ಅಲ್ಲೇ ಕುಂತಿದ್ಲು. ನಾನ ಕರಕೊಂಡ ಬಂದ್ನಿ."

"ಖುಷೀಲೆ ಇದ್ಲೇನು?"

"ಖುಷಿ ಎಲ್ಲಿದ್ರಿ. ಅಳಾಕತ್ತಿದ್ಲು. ಮುಂಜಾನಿ ಮಹಾದೇವಕ್ಕ ಬಾಳ ಪ್ರೀತೀಲೆ ಹೊಸಾ ಸೀರಿ ಉಡಿಸಿ, ಉಡಿ ತುಂಬಿದ್ಲು. ಲಗ್ನ ಆಗದಾಕಿ ಅಂತ ನಮ್ಮತ್ತಿ ಅಕಿಗೆ ಒಮ್ಮೆನೂ ತುಂಬಿರಲಿಲ್ಲ. ಅವ್ವಂದ ನೆನಪಾಗಿರಬೇಕು ಅಂತ ನಾ ಸುಮ್ಮಾದ್ನಿ."

ನಾನು ಅಲ್ಲೇ ಗೋಡೆಗೆ ಒರಗಿ ಕೂತೆ. ಆ ಮನೆಯಲ್ಲಿ ಎಷ್ಟು ಸಲ ಕಂಡಿದ್ದೇನೆ. ಮಹಾದೇವಿ ತವರಿಗೆ ಬಂದು ಹೊರಡುವಾಗ ತಾಯಿ ಅವಳ ಸೆರಗಿನಲ್ಲಿ ಅಕ್ಕಿ, ಕೊಬ್ಬರಿ ಬಟ್ಟಲು, ಎಲೆ ಅಡಿಕೆ, ಖಣ ಹಾಕುವುದು. ಮಹಾದೇವಿ ಕಣ್ಣೊರೆಸಿಕೊಂಡು ಚೀಲ ಎತ್ತುವುದು. ಕಸ್ತೂರಿ ಬಸ್ಸಿನತನಕ ಅವಳ ಹಿಂದೆ ಹೋಗುವುದು. ಉಡಿ ತುಂಬಿದವರು ಹುಕ್ಕೇರಿಗೆ ಹೋಗಬೇಕು. ಕಸ್ತೂರಿಗೆ ಅದು ಸೂರ್ಯ ಮೂಡುವಷ್ಟೇ ಖಾತ್ರಿ. ಬೇಕೋ ಬೇಡವೋ ಎನ್ನುವ ಪ್ರಶ್ನೆಯೇ ಅಲ್ಲಿಲ್ಲ. ನಾವು ಮೂವರೂ ಅವಳ ಸೆರಗಿನ ಗಂಟು ಕಂಡಿದ್ದೆವು. ಉಡಿ ತುಂಬುವುದು ನಮ್ಮ ಮನೆಮನೆಯಲ್ಲೂ ಇದ್ದದ್ದೇ, ಅದರ ಬಗ್ಗೆ ಕೇಳಬೇಕು ಎಂದು ಯಾರಿಗೂ ತೋಚಲಿಲ್ಲ.

ಅಲ್ಲಿಂದ ನೇರ ನರ್ಸರಿಗೆ ಹೋದೆ. ಕಸ್ತೂರಿಯ ಮುಂದೆ ಕೂತು, ಉಸಿರು ಹಿಡಿದು ಕೇಳಿದೆ. "ಅಕ್ಕ ಉಡಿ ತುಂಬಿದ್ಲು ಅಂತ ಹೋಗ್ತೀನಿ ಅಂದಿ. ಹೌದಿಲ್ಲೋ?"

"ಹೌದು."

"ನಿನಗ ಹೋಗೂದು ಬ್ಯಾಡ. ಅಲ್ಲಾ?"

"ಅಲ್ಲ."

ಕೇಳಿದ ಮೇಲೆ ನನಗೇ ಗೊತ್ತಾಯಿತು, ಈ ಉತ್ತರ ಮೂರು ಕಾಸಿಗೂ ಬೇಡ ಎಂದು. ಎರಡೂ ಮಾತು ನಾನೇ ಅವಳ ಬಾಯಿಗೆ ಇಟ್ಟಿದ್ದೆ. "ಹೌದು" ಎಂದರೆ ಯಾವುದಕ್ಕೆ ಹೌದು, "ಅಲ್ಲ" ಎಂದರೆ ಯಾವುದು ಅಲ್ಲ? ಇದನ್ನು ಒಯ್ದು ಕುಲಕರ್ಣಿ ಸರ್ ಮುಂದೆ ಇಟ್ಟರೆ ಅವರು ನಗುತ್ತಿದ್ದರು. ಇನ್ನೊಂದು ಸಲ ಕೇಳಿದರೆ ಕಸ್ತೂರಿ ನನ್ನ ಮುಖ ನೋಡಿ, ನಾನು ಕೇಳಬಯಸಿದ್ದನ್ನೇ ಹೇಳುತ್ತಾಳೆ. ಅಷ್ಟು ವರ್ಷ ನನ್ನ ಮಾತಿಗೆ ತಲೆಯಾಡಿಸಿ ಅವಳಿಗೆ ರೂಢಿಯಾಗಿತ್ತು. ನನ್ನ ಜೊತೆ ತಲೆಯಾಡಿಸುತ್ತಿದ್ದಳು. ವೀಣಾಳ ಜೊತೆ ಮಾತಾಡುತ್ತಿದ್ದಳು.

ಮೂಡಲಗಿಯ ಬಸ್ಸಿಗೆ ಕಾಯುತ್ತ ನಿಂತಾಗ ನನಗೆ ಬಂದ ವಿಚಾರ ಬರೆಯುತ್ತೇನೆ, ನಾಚಿಕೆ ಯಾಕೆ. ನಾನು ಸುಮ್ಮನಿದ್ದರೆ ಕಸ್ತೂರಿ ಹುಕ್ಕೇರಿಗೆ ಹೋಗುತ್ತಾಳೆ. ನನಗೂ ಸಿಗುವುದಿಲ್ಲ, ವೀಣಾಳಿಗೂ ಸಿಗುವುದಿಲ್ಲ. ವೀಣಾ ತಪ್ಪು ಮಾಡಿದಳು ಎಂದು ಒಂದು ದಿನ ಎಲ್ಲರಿಗೂ ತಿಳಿಯುತ್ತದೆ. ಈ ವಿಚಾರ ನನಗೆ ಸಕ್ಕರೆಯಷ್ಟು ಸಿಹಿಯಾಗಿತ್ತು. ಬಸ್ಸು ಬಂತು, ಹತ್ತಿದೆ. ವೀಣಾಳ ಖೋಲಿಯ ಬಾಗಿಲು ಬಡಿದೆ.

ಅವಳು ಚಹಾ ಮಾಡಿದಳು. ನಾನು ಎಲ್ಲ ಹೇಳಿದೆ. ಅವಳು ಕಪ್ಪು ಕೆಳಗಿಟ್ಟಳು.

"ನಾ ಅಕಿ ಉಡಿ ನೋಡೀನ್ರಿ ಅಕ್ಕಾರ. ಚಂದ ಕಾಣ್ತಿ ಅಂತ ಅಂದೀನಿ" ಎಂದಳು. ಕಣ್ಣು ತುಂಬಿದ್ದವು. "ನೀವ ಹೋಗಿ ಕೇಳ್ರಿ. ನಿಮ್ಮದು ಇದು."

"ನಾ ಕೇಳಿದ್ರ ಅಕಿ ಹೌದು ಅಂತಾಳ. ನೀ ಕೇಳಿದ್ರ ಹೇಳ್ತಾಳ. ನಾಳೆ ನಡಿ."

ಅವಳು ಅದನ್ನು ಹೊಗಳಿಕೆ ಎಂದು ತಿಳಿದಳೋ ಏನೋ, ನನ್ನ ಕೈ ಹಿಡಿದಳು. ನಾನು ಬಿಡಿಸಿಕೊಂಡೆ.

ಮರುದಿನ ನರ್ಸರಿಯ ಹಸಿರು ಬಲೆಯ ಹಿಂದೆ ನಾನು ನಿಂತೆ, ಕಸ್ತೂರಿಗೆ ಕಾಣದಂತೆ. ವೀಣಾ ಅವಳ ಬಾಜೂ ಕುಕ್ಕರಗಾಲಿನಲ್ಲಿ ಕೂತು ಮಣ್ಣು ತುಂಬತೊಡಗಿದಳು. ಎಷ್ಟು ಹೊತ್ತು ಸುಮ್ಮನಿದ್ದಳೆಂದರೆ ನನಗೆ ಹೋಗಿ ಅವಳ ಬೆನ್ನಿಗೆ ಗುದ್ದುವಷ್ಟು ಸಿಟ್ಟು ಬಂತು. ಆಮೇಲೆ ಕೇಳಿದಳು. "ಹುಕ್ಕೇರಿ ಸುದ್ದಿ ಹೇಳು ಕಸ್ತೂರಿ."

ಕಸ್ತೂರಿ ಚೀಲ ತುಂಬಿದಳು, ಬದಿಗಿಟ್ಟಳು, ಇನ್ನೊಂದು ತೆಗೆದುಕೊಂಡಳು. ಆಮೇಲೆ ತಾನಾಗಿಯೇ ಅಂದಳು.

"ಉಡಿ ತುಂಬಿದ್ರ ಹೋಗಬೇಕು. ಅಕ್ಕ ಹೋಗ್ತಿದ್ಲು. ಅಳತಿದ್ಲು. ಅತ್ರೂ ಹೋಗ್ತಿದ್ಲು."

ವೀಣಾ ಇನ್ನೊಂದು ಚೀಲಕ್ಕೆ ಮಣ್ಣು ತುಂಬಿದಳು. ಕಸ್ತೂರಿ ಮುಂದುವರಿಸಿದಳು. "ನಾ ಹ್ವಾದ್ರ ಬದನಿ ಸಸಿ ಯಾರ ಇಡ್ತಾರ? ನಾ ಹೋಗಾಕ ಒಲ್ಲೆ. ಹೋಗಬೇಕಲ್ಲ ಮತ್ತ. ಉಡಿ ತುಂಬ್ಯಾರ."

ಇಷ್ಟುದ್ದ ಮಾತು ಅವಳು ನನಗೆ ಒಂದು ದಿನವೂ ಆಡಿರಲಿಲ್ಲ. ನಾನು ಕಂಡುಹಿಡಿದದ್ದು ಖರೆಯಾಯಿತು ಎಂದು ಸಂತೋಷಪಡಬೇಕಿತ್ತು. ಸಂತೋಷಪಟ್ಟೆ, ಇಲ್ಲ ಎನ್ನುವುದಿಲ್ಲ. ಆದರೆ ಆ ಮಾತು ವೀಣಾಳಿಗೆ ಸಿಕ್ಕಿತು, ನನಗಲ್ಲ. ಹೊಟ್ಟೆಯೊಳಗೆ ಬೆಂಕಿ ಹಾಗೆಯೇ ಇತ್ತು.

ವೀಣಾ ತನ್ನ ವರದಿಯನ್ನು ತಿದ್ದಿ ಬರೆದಳು. ಇದನ್ನು ಕಂಡವರು ಸುಶೀಲಕ್ಕ ಎಂದು ಕುಲಕರ್ಣಿ ಸರ್‌ಗೆ ಹೇಳಿದಳಂತೆ. ಅವರು, "ವೀಣಾ ದೊಡ್ಡ ಮನಸಿನಾಕಿ, ನಿಮ್ಮ ಹೆಸರೂ ಹೇಳ್ಯಾಳ ನೋಡ್ರಿ" ಎಂದು ನನಗೇ ಹೇಳಿದರು. ಚಹಾ ಕುಡಿದು ಎದ್ದು ಬಂದೆ.

ಗೋಕಾಕದ ಸಭೆಯ ದಿನ ನಾನು ಮುಂಜಾನೆಯೇ ಹೋಗಿ ಕಸ್ತೂರಿಯ ಕುರ್ಚಿಯ ಬಾಜೂ ಕುರ್ಚಿ ಹಿಡಿದು ಕೂತೆ. ಅಧಿಕಾರಿ ವಯಸ್ಸಿನಲ್ಲಿ ಸಣ್ಣವಳು, ಒಳ್ಳೆಯವಳು. ಮೊದಲು ವರದಿ ಓದಿದಳು. ಉಡಿಯ ಮಾತು ಬಂದಾಗ ಮಹಾದೇವಿ ತಟ್ಟನೆ ತಲೆ ಎತ್ತಿದಳು. ಆಮೇಲೆ ಅಧಿಕಾರಿ ಕಸ್ತೂರಿಗೆ, "ಇಷ್ಟು ಮಂದಿ ಮುಂದ ಮಾತಾಡೂದು ಕಷ್ಟ ಆಗತೈತಿ. ಒಬ್ಬರು ನಿನ್ನ ಬಾಜೂ ಇರಲಿ, ಉಳಿದವರು ಹೊರಗ ಇರಲಿ. ಯಾರ ಇರಬೇಕು?" ಎಂದಳು. ಯಾರ ಹೆಸರನ್ನೂ ಎತ್ತದೆ ಕೇಳಿದಳು, ಸರಿಯಾಗಿಯೇ ಕೇಳಿದಳು.

ಕಸ್ತೂರಿ ನನ್ನ ಕಡೆ ನೋಡಿದಳು. ನಾನು ನಕ್ಕೆ.

"ವೀಣಕ್ಕ" ಎಂದಳು.

ನಾನು ಎದ್ದೆ. ವೀಣಾ ಬಂದು ಆ ಕುರ್ಚಿಯಲ್ಲಿ ಕೂತಳು. ನನ್ನ ಕಡೆ ನೋಡಲಿಲ್ಲ, ಒಳ್ಳೆಯದಾಯಿತು.

ಹೊರಗಿನ ಬೆಂಚಿನಲ್ಲಿ ನಾನು ಒಂದು ತುದಿಗೆ, ಮಹಾದೇವಿ ಇನ್ನೊಂದು ತುದಿಗೆ. ಈರಣ್ಣ ತಂಬಾಕು ತಿಕ್ಕುತ್ತ ಗೇಟಿನ ಕಡೆ ಹೋದ. ಒಳಗಿನಿಂದ ಒಮ್ಮೆ ಕಸ್ತೂರಿ ನಕ್ಕ ಸಪ್ಪಳ ಬಂತು. ಇಬ್ಬರೂ ಒಟ್ಟಿಗೇ ಬಾಗಿಲ ಕಡೆ ನೋಡಿದೆವು.

"ಅಕಿಗಂತ ಖೋಲಿಗೆ ಬಣ್ಣ ಹಚ್ಚಿಸಿನ್ರಿ" ಎಂದಳು ಮಹಾದೇವಿ, ಯಾರಿಗೋ ಹೇಳುವವಳಂತೆ.

ಬಾಗಿಲು ತೆರೆಯಿತು. ಕಸ್ತೂರಿಯೇ ಬಂದು ಅಕ್ಕನ ಮುಂದೆ ನಿಂತಳು. "ನಾ ಕಲ್ಲೋಳ್ಯಾಗ ಇರ್ತೀನಿ. ಹಬ್ಬಕ್ಕ ನಿಮ್ಮನಿಗೆ ಬರ್ತೀನಿ. ಮತ್ತ ಹೊಳ್ಳಿ ಹೋಗ್ತೀನಿ" ಎಂದಳು. ಒಂದೊಂದೇ ಮಾತು, ಬಿಡಿಸಿ ಬಿಡಿಸಿ. ಹಿಂದೆ ನಿಂತ ಅಧಿಕಾರಿ, ಹಾಗೇ ತೀರ್ಮಾನ ಆಗಿದೆ ಎಂದಳು. ಕಸ್ತೂರಿ ವೀಣಾಳ ಕೈ ಹಿಡಿದು, ಬಸ್ಸಿಗೆ ಹೊತ್ತಾಯಿತು ಎನ್ನುತ್ತ ಮೆಟ್ಟಿಲಿಳಿದಳು. ನನ್ನ ಮುಂದಿನಿಂದಲೇ ಹೋದಳು.

ಮಹಾದೇವಿ ಅವಳು ಗೇಟು ದಾಟುವತನಕ ನೋಡಿದಳು. ಆಮೇಲೆ ನನ್ನ ಕಡೆ ತಿರುಗಿದಳು. ಕಣ್ಣು ಕೆಂಪಾಗಿದ್ದವು.

"ನಮ್ಮನಿ ಉಡಿ ಸುದ್ದಿ ಆ ಧಾರವಾಡದಾಕಿಗೆ ಹೆಂಗ ಗೊತ್ತಾಗಬೇಕು? ನಮ್ಮವ್ವ ನನಗ ಉಡಿ ತುಂಬೂಮುಂದ ಬಾಗಲದಾಗ ನಿಂತ ನೋಡತಿದ್ದಾಕಿ ನೀವು. ನಿಮ್ಮನ್ನ ಮನಿಯಾಕಿ ಅಂತ ತಿಳಿದಿದ್ದೆ. ಇದನ್ನ ಮಾಡಿದಾಕಿ ನೀವ. ನನ್ನ ತಂಗೀನ ನನ್ನ ಕೈಯಾಗಿಂದ ಕಸಗೊಂಡಾಕಿ ನೀವ."

ಇಷ್ಟು ವರ್ಷದ ನನ್ನ ಕೆಲಸದಲ್ಲಿ ಇದಕ್ಕಿಂತ ಒಳ್ಳೆಯ ಕೆಲಸ ನಾನು ಮಾಡಿಲ್ಲ. ಅದು ನನ್ನದು ಎಂದು ಬಾಯಿ ತುಂಬ ಹೇಳಿದವಳು ಅವಳೊಬ್ಬಳೇ.

"ಹೌದ್ರಿ, ನಾನ ಮಾಡೀನಿ" ಎಂದೆ. "ವೀಣಾಂದ ಇದರಾಗ ಏನೂ ಇಲ್ಲ."